ಪಾಚಿಗೊಂದು ಕದ್ದ ದನಿ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಕದ್ದವನಿಗೆ ಬೀಗವಿಲ್ಲ. ಈ ಗಾದೆಯ ಎರಡನೆಯ ಅರ್ಧ ನಿಮಗೆ ಬೇರೆ ಥರ ಗೊತ್ತಿದ್ದರೆ ಅದು ನಿಮ್ಮೂರಿನ ಪಾಠಾಂತರ. ನಮ್ಮೂರಿನಲ್ಲಿ ನಾನು ಹೇಳಿದ್ದೇ ಸರಿ. ಅದಕ್ಕೆ ಸಾಕ್ಷಿಯೂ ನಾನೇ, ಆರೋಪಿಯೂ ನಾನೇ. ಈಗ ಹೇಳಹೊರಟಿರುವುದು ಅಪ್ಪಟ ನಿಜ. ನಾನು ಸುಳ್ಳೇ ಹೇಳದವನು ಅಂತಲ್ಲ. ಸುಳ್ಳು ಹೇಳುವಾಗ ನಾನು ಇದಕ್ಕಿಂತ ಎಷ್ಟೋ ಒಳ್ಳೆಯ ಮನುಷ್ಯನಾಗಿ ಕಾಣಿಸುತ್ತೇನೆ, ಅಷ್ಟೇ ವ್ಯತ್ಯಾಸ.

ನನ್ನ ಹೆಸರು ಧರಣೇಂದ್ರ. ಎಂ.ಎ. ಮಾಡಿದ್ದೇನೆ; ಯಾವ ದರ್ಜೆ ಎಂದು ಯಾರಾದರೂ ಕೇಳಿದರೆ ದರ್ಜಿಯ ವಿಳಾಸ ಹೇಳಿ ಮಾತು ಮರೆಸುತ್ತೇನೆ. ನಮ್ಮ ವಿಶ್ವವಿದ್ಯಾಲಯದ ಸೈಕಲ್ ಸೌಕರ್ಯ ಕೋಶದಲ್ಲಿ ನಾನು ಸಹಾಯಕ. ಊರು ಕೆರೆಯ ಈಚೆ, ವಿಶ್ವವಿದ್ಯಾಲಯ ಆಚೆ, ನಡುವೆ ಮೂರೂವರೆ ಮೈಲಿ ಏರಿ. ಏರಿಯ ಮೇಲೆ ಸೈಕಲ್ ಬಿಟ್ಟು ಬೇರೆ ಚಕ್ರ ಉರುಳುವಂತಿಲ್ಲ. ನಮ್ಮೂರ ಸೈಕಲ್‌ಗಳೋ, ಇಬ್ಬರನ್ನು ಹೊರುವುದಿಲ್ಲ. ಸೈಕಲ್ ಇದ್ದವರು ಇಪ್ಪತ್ತು ನಿಮಿಷದಲ್ಲಿ ಬಂದು ಪಾಠಕ್ಕೆ ಕೂರುತ್ತಾರೆ, ಇಲ್ಲದವರು ನಡೆದು ಬಂದು ಪಾಠದಲ್ಲಿ ಮಲಗುತ್ತಾರೆ.

ನಮ್ಮ ಸೈಕಲ್‌ಗಳು ಒಡೆಯರ ದನಿ ಕೇಳಿ ಬರುತ್ತವೆ. ಬೀಗ, ಸರಪಳಿ, ಕೀಲಿಕೈ ಯಾವುದೂ ಇಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಯಾವ ಬೀದಿಯಲ್ಲಿ ನಿಂತರೂ ಬಾಗಿಲು ಬಾಗಿಲಲ್ಲೂ ಕೂಗು, ಬೀದಿ ಕೊನೆಯ ಸ್ಟ್ಯಾಂಡಿನಿಂದ ಒಂದೊಂದೇ ಸೈಕಲ್ ಹ್ಯಾಂಡಲ್ ತಿರುಗಿಸಿಕೊಂಡು ತನ್ನ ಮನೆಯ ಕಡೆ ಉರುಳುತ್ತಿರುತ್ತದೆ. ಹಾಸ್ಟೆಲ್ ವಾರ್ಡನ್ನರು ಕಳ್ಳನನ್ನು ಹಿಡಿದ ಹಾಗೆ "ಏಯ್, ಬಾ ಇಲ್ಲಿ" ಎನ್ನುತ್ತಾರೆ. ಸಂಸ್ಕೃತದ ಮೇಷ್ಟ್ರು "ದಯಮಾಡಿಸಬೇಕು" ಎಂದು ಕೈಮುಗಿಯುವುದೊಂದು ಬಾಕಿ. ಹೊಸದಾಗಿ ಮದುವೆಯಾಗಿ ಬಂದ ಸೊಸೆಯಂದಿರು ಅತ್ತೆಯೆದುರು ಗಟ್ಟಿಯಾಗಿ ಕರೆಯಲು ನಾಚಿ, ಆರು ತಿಂಗಳು ಪ್ರತಿದಿನವೂ ತರಗತಿಗೆ ತಡ. ನೆಗಡಿಯಾದವರು ನಡೆಯುತ್ತಾರೆ. ಗಂಟಲೊಡೆಯುವ ವಯಸ್ಸಿನ ಗಂಡುಹುಡುಗರ ಸೈಕಲ್ ತಮ್ಮನಿಗೋ ತಂಗಿಗೋ ಹೋಗುತ್ತದೆ.

ಹಾಗಾಗಿ ನಮ್ಮ ಕೋಶದಲ್ಲಿ ಗಾಳಿ ಪಂಪಿನ ಪಕ್ಕದಲ್ಲೇ ಬಿಸಿ ಉಪ್ಪುನೀರಿನ ನಲ್ಲಿಗಳಿವೆ. ಪಂಕ್ಚರ್ ಅಂಟಿನ ಡಬ್ಬಿಯ ಪಕ್ಕ ಜ್ಯೇಷ್ಠಮಧು, ಕಾಳುಮೆಣಸು, ಕಲ್ಲುಸಕ್ಕರೆ. ಹೊಸದಾಗಿ ಸೇರಿದ ವಿದ್ಯಾರ್ಥಿಗಳಿಗೆ ಹಂಚುವ 'ಸವಾರರ ಕೈಪಿಡಿ'ಯನ್ನು ಬರೆದವನು ನಾನೇ. "ನಿನ್ನೆ ಕಬಡ್ಡಿ ಪಂದ್ಯದಲ್ಲಿ ಕೂಗಾಡಿದವರು ಇಂದು ಒಂದು ಗಂಟೆ ಮುಂಚೆ ಎದ್ದು ನಡೆಯತಕ್ಕದ್ದು" ಎಂಬ ಸಾಲು ಹನ್ನೊಂದನೆಯ ಪುಟದಲ್ಲಿದೆ. ನನ್ನ ಸಾಹಿತ್ಯ ಕೃತಿಗಳಲ್ಲಿ ಎರಡನೆಯ ಮುದ್ರಣ ಕಂಡದ್ದು ಅದೊಂದೇ. ಮೊದಲನೆಯ ಮುದ್ರಣದಲ್ಲಿ ಪುಟಗಳು ತಲೆಕೆಳಗಾಗಿದ್ದವು.

ಇಂಥ ಊರಿನಲ್ಲಿ ದೇವರು ನನಗೆ ಕೊಟ್ಟ ವರವೆಂದರೆ ಬೇರೆಯವರ ದನಿ. ಯಾರ ಮಾತನ್ನಾದರೂ ಎರಡು ದಿನ ಕೇಳಿದರೆ ಮೂರನೆಯ ದಿನ ಅವರ ಹೆಂಡತಿಯನ್ನೂ ಅಡುಗೆಮನೆಯಿಂದ ಹೊರಗೆ ಕರೆಯಬಲ್ಲೆ. ನಮ್ಮ ಅಧೀಕ್ಷಕ ಕರಿಬಸಪ್ಪನವರು ಹೆಚ್ಚುಕಮ್ಮಿ ಪ್ರತಿ ವಾಕ್ಯವನ್ನೂ 'ಆದ್ದರಿಂದ' ಎಂದು ಆರಂಭಿಸುತ್ತಾರೆ, ಹಿಂದೆ ಕಾರಣವೇನೂ ಇರುವುದಿಲ್ಲ. "ಆದ್ದರಿಂದ ಗುಡ್ ಮಾರ್ನಿಂಗ್." ಕೋಶದ ಕಿಟಕಿಯ ಹಿಂದೆ ಕೂತು ಅವರ ದನಿಯಲ್ಲಿ "ಆದ್ದರಿಂದ ಬಾ, ಭೈರ" ಎಂದರೆ ಸಾಕು, ಅವರ ಕರಿ ಸೈಕಲ್ ಭೈರ ಸ್ಟ್ಯಾಂಡಿನಿಂದ ಹೊರಟು ನನ್ನ ಕಿಟಕಿಗೆ ಮೂತಿ ತಾಗಿಸಿ ನಿಲ್ಲುತ್ತಿತ್ತು. ಸಂಜೆ ಕರಿಬಸಪ್ಪನವರು ಖಾಲಿ ಜಾಗದೆದುರು ನಿಂತು "ಆದ್ದರಿಂದ ಎಲ್ಲಿ ಹೋಯ್ತು?" ಎಂದು ಕೇಳುವುದನ್ನು ನೋಡುವುದೇ ನನ್ನ ದಿನದ ಸಂಬಳ. ವಾರ್ಡನ್ನರದು, ಸಂಸ್ಕೃತದ ಮೇಷ್ಟ್ರದು, ಕುಲಸಚಿವರದು, ಎಲ್ಲರ ಸೈಕಲ್‌ಗಳನ್ನೂ ಹೀಗೆ ಕುಣಿಸಿದ್ದೆ. ಪಕ್ಕದ ಶೆಡ್ಡಿನಲ್ಲಿ ಗಾಳಿ ಹೊಡೆಯುವ, ಪಂಕ್ಚರ್ ಹಾಕುವ ದಸ್ತಗೀರ್ ಮಾಮು ಮಾತ್ರ ನಗುತ್ತಿರಲಿಲ್ಲ. "ಲೇ ಧರಣಿ, ನಾಯಿ ಬಾಲ ಹಿಡ್ಕೊಂಡು ಆಟ ಆಡಬಹುದು, ಬೇರೆಯೋರ ನಾಲಿಗೆ ಹಿಡ್ಕೊಂಡು ಆಡಬಾರ್ದು ಕಣೋ" ಎನ್ನುತ್ತಿದ್ದರು. ನಾನು ಅದೇ ಮಾತನ್ನು ಅವರದೇ ದನಿಯಲ್ಲಿ ಹಿಂದಿರುಗಿಸುತ್ತಿದ್ದೆ. ಅಂಥ ಕೋತಿ ನಾನು.

ಬೇಸಿಗೆ ರಜೆ ಮುಗಿದ ಮೊದಲ ದಿನ ಸಂಜೆ ಐದಕ್ಕೆ ಕಿಟಕಿಯಾಚೆ ಸಸ್ಯಶಾಸ್ತ್ರದ ವಾರಿಜಾ ಮೇಡಂ ಕಂಡರು. ಐವತ್ತಾರು ವರ್ಷ, ಒಂಟಿ ಜೀವ, ಮಂಡಿನೋವು, ಹೆಗಲಲ್ಲಿ ಗಿಡದ ಕಡ್ಡಿಗಳು ಹೊರಗೆ ಇಣುಕುವ ಜೋಳಿಗೆ. ಅವರ ಹಸಿರು ಸೈಕಲ್ಲಿನ ಹೆಸರು ಪಾಚಿ. ಇಪ್ಪತ್ತೆರಡು ವರ್ಷದ ಜೊತೆ. "ಬಾರೇ ಪಾಚೀ, ಹೊತ್ತಾಯ್ತು ಕಣೇ" ಎಂದು ಕೊನೆಯ ಏಕಾರವನ್ನು ಹಪ್ಪಳದ ಹಾಗೆ ಲಟ್ಟಿಸಿ ಕರೆಯುವುದು ಅವರ ರೀತಿ. ಆ ದಿನ ಮಾತ್ರ ಅವರು ಸ್ಟ್ಯಾಂಡಿನೆದುರು ಸುಮ್ಮನೆ ನಿಂತಿದ್ದರು. ಬಾಯಿ ತೆರೆಯುವರು, ಮುಚ್ಚುವರು. ಪಾಚಿ ಅಲ್ಲಾಡಲಿಲ್ಲ. ಏನೋ ಯೋಚನೆಯಲ್ಲಿದ್ದಾರೆ, ಸಹಾಯ ಮಾಡೋಣ ಅಂದುಕೊಂಡೆ. ನನ್ನ ಕುಚೇಷ್ಟೆಗಳಿಗೆಲ್ಲ ನಾನು ಮನಸ್ಸಿನಲ್ಲಿ ಇಟ್ಟಿರುವ ಹೆಸರು ಸಹಾಯ. ಕಿಟಕಿಗೆ ಬಾಯಿಟ್ಟು ಅವರ ದನಿಯಲ್ಲಿ ಹಾಡಿದೆ:

"ಬಾರೇ ಪಾಚೀ, ಹೊತ್ತಾಯ್ತು ಕಣೇಏಏ!"

ಪಾಚಿ ಧಡಕ್ಕನೆ ಸ್ಟ್ಯಾಂಡಿನಿಂದ ಇಳಿಯಿತು. ಮೇಡಂ ಪಕ್ಕದಲ್ಲೇ ಹಾದು, ಅವರ ಸೆರಗಿಗೆ ತಾಗಿಯೂ ನಿಲ್ಲದೆ, ನನ್ನ ಕಿಟಕಿಗೆ ಬಂದು ನಿಂತಿತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಬೈಗುಳಕ್ಕೆ ಕಾದೆ. ಬೈಗುಳ ಬರಲಿಲ್ಲ. ಮೇಡಂ ಅಲ್ಲೇ ಕಲ್ಲುಬೆಂಚಿನ ಮೇಲೆ ಕುಳಿತುಬಿಟ್ಟರು.

ದಸ್ತಗೀರ್ ಮಾಮು ಒಳಗೆ ಬಂದವರು ಕೈಯಲ್ಲಿದ್ದ ಟ್ಯೂಬಿನಿಂದಲೇ ನನ್ನ ಬೆನ್ನಿಗೆ ಒಂದು ಬಿಟ್ಟರು. "ನಿನ್ನ ಬಾಯಿಗಿಷ್ಟು ಮಣ್ಣು ಹಾಕ. ಅವ್ರ ಗಂಟ್ಲು ಆಪರೇಷನ್ ಆಗೈತೆ ಕಣೋ! ರಜೆಗೆ ಮುಂಚೆ ಸೈಕಲ್ ಇಲ್ಲೇ ಬಿಟ್ಟು ಸೀದಾ ಆಸ್ಪತ್ರೆಗೆ ಹೋದೋರು, ಇವತ್ತೇ ವಾಪಸ್ ಬಂದಿರೋದು. ದನಿ ಹೋಗೈತೆ. ಬೆಳಿಗ್ಗೆ ಅಷ್ಟು ದೂರ ಏರಿ ಮೇಲೆ ನಡ್ಕೊಂಡು ಬಂದವ್ರೆ."

ನಗು ನನ್ನ ಗಂಟಲಲ್ಲೇ ಪಂಕ್ಚರ್ ಆಯಿತು. ಹೊರಗೆ ಓಡಿದೆ, ಹಿಂದೆಯೇ ಪಾಚಿ. ಮೇಡಂ ಎದುರು ನಿಂತು "ತಪ್ಪಾಯ್ತು ಮೇಡಂ, ಗೊತ್ತಿರ್ಲಿಲ್ಲ" ಎಂದೆ. ಗೊತ್ತಿದ್ದೇ ಮಾಡಿದ ಮಿಕ್ಕ ಇನ್ನೂರು ತಪ್ಪುಗಳ ಬಗ್ಗೆ ಏನೂ ಹೇಳಲಿಲ್ಲ. ಅವರು ಹತ್ತಿರ ಬಾ ಎಂದು ಕೈ ಮಾಡಿದರು. ಕೆನ್ನೆಗೆ ಬೀಳುತ್ತದೆ ಎಂದು ಕಣ್ಣು ಮುಚ್ಚಿಕೊಂಡು ಬಗ್ಗಿದೆ. ಕಿವಿಯ ಹತ್ತಿರ ಒಣಗಾಳಿಯಂಥ ಪಿಸುಮಾತು ಕೇಳಿಸಿತು.

"ಇನ್ನೊಂದ್ಸಲ ಕರಿ."

ಕರೆದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು.

"ನಾನು ಅಷ್ಟು ರಾಗ ಎಳೀತಿದ್ನಾ?"

"ಎಳೀತಿದ್ರಿ ಮೇಡಂ."

"ಇಪ್ಪತ್ತೆರಡು ವರ್ಷ. ಒಬ್ರೂ ಹೇಳ್ಲಿಲ್ಲ ನೋಡು." ಪಾಚಿಯ ಸೀಟಿನ ಧೂಳು ಸೆರಗಿನಿಂದ ಒರೆಸಿ ಹತ್ತಿ ಕುಳಿತರು. "ನಾಳೆ ಒಂಬತ್ತಕ್ಕೆ ಮನೆ ಹತ್ರ ಬಾ. ಹಲ್ಲುಜ್ಜಿಕೊಂಡು ಬಾ. ನನ್ನ ದನಿ ಅದು."

ಹೀಗೆ ನಾನು ವಾರಿಜಾ ಮೇಡಂ ಅವರ ಗಂಟಲಾದೆ. ಬೆಳಿಗ್ಗೆ ಒಂಬತ್ತಕ್ಕೆ ಅವರ ಮನೆಯ ಮೆಟ್ಟಿಲ ಮೇಲೆ, ಸಂಜೆ ಐದಕ್ಕೆ ಸ್ಟ್ಯಾಂಡಿನಲ್ಲಿ. ನಾನು ಕರೆಯಬೇಕು, ಪಾಚಿ ಬರಬೇಕು, ಅವರು ಹತ್ತಬೇಕು. ಮೊದಲ ದಿನವೇ ಎದುರುಮನೆಯ ಅಜ್ಜಿ ರಂಗೋಲಿ ಹಾಕುವುದನ್ನು ನಿಲ್ಲಿಸಿ, "ಇಷ್ಟುದ್ದ ಮೀಸೆ ಬಿಟ್ಕೊಂಡು ಹೆಂಗಸಿನ ಹಂಗೆ ಕೂಗ್ತೀಯಲ್ಲೋ, ನಿಮ್ಮಮ್ಮಂಗೆ ಗೊತ್ತಾ?" ಎಂದು ಕೇಳಿತು. ಮರುದಿನದಿಂದ ಆ ಬೀದಿಯವರೆಲ್ಲ ಒಂಬತ್ತಕ್ಕೆ ಸರಿಯಾಗಿ ಕಾಫಿ ಲೋಟ ಹಿಡಿದು ಜಗುಲಿಗೆ ಬರತೊಡಗಿದರು. ನನ್ನ ಜೀವನದಲ್ಲಿ ಇಷ್ಟು ನಿಯಮಿತವಾಗಿ ಪ್ರೇಕ್ಷಕರು ಸಿಕ್ಕಿದ್ದು ಅದೇ ಮೊದಲು. ಒಬ್ಬರಾದರೂ ಚಪ್ಪಾಳೆ ತಟ್ಟಲಿಲ್ಲ.

ಮೇಡಂ ಅವರದು ಸಿಕ್ಕ ಗಂಟಲನ್ನು ಸುಮ್ಮನೆ ಬಿಡುವ ಸ್ವಭಾವವಲ್ಲ. ಹಾಲಿನವನು ಬಂದರೆ ನನ್ನ ಪಕ್ಕೆಗೆ ತಿವಿದು "ಹೇಳು" ಎನ್ನುವರು. ನಾನು ಅವರ ದನಿಯಲ್ಲಿ "ಏನಪ್ಪಾ, ನಿನ್ನೆ ಹಾಲಲ್ಲಿ ಮೀನು ಸಿಗೋದೊಂದು ಬಾಕಿ" ಎನ್ನಬೇಕು. ಒಮ್ಮೆ ಅವರ ತಂಗಿಯ ಫೋನು ಬಂತು. ತಂಗಿಗೆ ಆಪರೇಷನ್ ವಿಷಯ ಹೇಳಿರಲಿಲ್ಲವಂತೆ. ಮೇಡಂ ಚೀಟಿಯಲ್ಲಿ ಬರೆದು ಬರೆದು ಕೊಟ್ಟರು, ನಾನು ಓದಿದೆ. ಕಡೆಗೆ ತಂಗಿ "ಅಕ್ಕಾ, ನಿನ್ನ ದನಿ ಕೇಳಿ ಜೀವ ಬಂದ ಹಾಗಾಯ್ತು" ಎಂದಾಗ ಚೀಟಿ ಬರಲಿಲ್ಲ. ತಿರುಗಿ ನೋಡಿದರೆ ಮೇಡಂ ಅಡುಗೆಮನೆಗೆ ಹೋಗಿದ್ದರು. ನಾನೇ "ಹಾಲು ಉಕ್ತಿದೆ, ಇಡ್ತೀನಿ" ಎಂದೆ. ಸ್ವಂತ ಬುದ್ಧಿಯಿಂದ ನಾನು ಆಡಿದ ಅತ್ಯಂತ ಮರ್ಯಾದಸ್ಥ ಮಾತು ಅದು.

ತರಗತಿಯಲ್ಲಿ ಮಾತ್ರ ಅವರಿಗೆ ನಾನು ಬೇಕಾಗಲಿಲ್ಲ. ಹುಡುಗರು ಬೆಂಚುಗಳನ್ನು ಎಳೆದು ಮೇಜಿನ ಸುತ್ತ ಹಾಕಿಕೊಂಡು ಪಿಸುಮಾತಿನ ಪಾಠ ಕೇಳುತ್ತಿದ್ದರು. "ಅವ್ರು ಗಟ್ಟಿಯಾಗಿ ಹೇಳ್ತಿದ್ದಾಗ ನಿದ್ದೆ ಬರ್ತಿತ್ತು, ಈಗ ಏನೋ ಗುಟ್ಟು ಹೇಳಿದ ಹಾಗಿರುತ್ತೆ ಸಾರ್" ಎಂದಳು ಒಬ್ಬಳು. ಪಾಚಿ ಒಂದು ಬಂದರೆ ಸಾಕು, ಮಿಕ್ಕ ನಾಲ್ಕು ವರ್ಷದ ನೌಕರಿಯನ್ನು ಅವರು ಪಿಸುಗುಟ್ಟಿಯೇ ಮುಗಿಸುತ್ತಿದ್ದರು.

ಆದರೆ ಎರಡನೆಯ ತಿಂಗಳಲ್ಲಿ ಪಾಚಿ ಸತಾಯಿಸತೊಡಗಿತು. ಮೊದಲು ಒಂದೇ ಕರೆಗೆ ಬರುತ್ತಿದ್ದುದು ಎರಡು ಕರೆ ಬೇಡಿತು. ಆಮೇಲೆ ಅರ್ಧ ದಾರಿ ಬಂದು ನಿಂತು, ಹ್ಯಾಂಡಲನ್ನು ಆಚೀಚೆ ತಿರುಗಿಸಿ, ಇವನ್ಯಾರು ಎಂಬಂತೆ ಯೋಚಿಸಿ ಬರತೊಡಗಿತು. ನಾನು ದಸ್ತಗೀರ್ ಮಾಮು ಹತ್ತಿರ ತೋರಿಸಿದೆ. ಅವರು ಚೈನು ನೋಡಿದರು, ಬ್ರೇಕು ನೋಡಿದರು, ಎರಡೂ ಚಕ್ರ ತಿರುಗಿಸಿದರು, ಕಡೆಗೆ ನನ್ನ ಗಲ್ಲ ಹಿಡಿದು ಮೇಲೆತ್ತಿದರು.

"ಸೈಕಲ್ಲಲ್ಲಿ ಏನಿಲ್ಲ. ಇಲ್ಲೈತೆ ತೊಂದ್ರೆ. ಒಂದ್ಸಲ ಕರಿ, ಕೇಳನ."

ಕರೆದೆ. ಮಾಮು ತಲೆಯಲ್ಲಾಡಿಸಿದರು. "ಅವ್ರ ದನಿ ನೀನು ಕೇಳಿ ಮೂರು ತಿಂಗಳಾಯ್ತಲ್ಲೋ. ನಿನ್ನೆ ನೀನು ಕೂಗಿದ್ದನ್ನ ನೋಡ್ಕೊಂಡು ಇವತ್ತು ನೀನು ಕೂಗ್ತಿದೀಯ. ಜೆರಾಕ್ಸಿನ ಜೆರಾಕ್ಸು ತೆಗೆದಂಗೆ. ಅಕ್ಷರ ಹೋಗೈತೆ, ಮಸಿ ಉಳಿದೈತೆ."

ಕನ್ನಡಿಯ ಮುಂದೆ ಕರೆದು ನೋಡಿದೆ. ಅವರು ಹೇಳಿದ್ದು ನಿಜ. ಏಕಾರ ಇತ್ತು, ಹಪ್ಪಳ ಇತ್ತು, ಮೇಡಂ ಇರಲಿಲ್ಲ. ಅಸಲನ್ನು ಎಲ್ಲಿಂದ ತರಲಿ? ಹಳೆಯ ರೆಕಾರ್ಡಿಂಗ್ ಇದೆಯೇ ಎಂದು ಕೇಳಿದ್ದಕ್ಕೆ ಮೇಡಂ, "ನನ್ನ ಪಾಠ ಕೇಳೋರೇ ಇರ್ಲಿಲ್ಲ, ರೆಕಾರ್ಡ್ ಯಾರು ಮಾಡ್ತಾರೆ?" ಎಂದು ಪಿಸುಗುಟ್ಟಿದರು. ಅವರ ಹಳೆಯ ವಿದ್ಯಾರ್ಥಿಗಳನ್ನು ಹಿಡಿದು ಮೇಡಂ ಹೇಗೆ ಮಾತಾಡುತ್ತಿದ್ದರೆಂದು ಮಾಡಿ ತೋರಿಸಿ ಎಂದೆ. ಒಬ್ಬ ಮೂಗಿನಲ್ಲಿ ಮಾಡಿದ, ಇನ್ನೊಬ್ಬಳು ಹುಬ್ಬಿನಲ್ಲಿ ಮಾಡಿದಳು, ಮತ್ತೊಬ್ಬನಿಗೆ ಅವರು "ಹೊರಗೆ ಹೋಗು" ಅಂದದ್ದು ಮಾತ್ರ ನೆನಪಿತ್ತು. ಎಲ್ಲವನ್ನೂ ಕಲಸಿ ಮಾರನೆಯ ದಿನ ಮೆಟ್ಟಿಲ ಮೇಲೆ ನಿಂತು ಕೂಗಿದರೆ ಹಲಸಿನಹಣ್ಣು ಮಾರುವವನ ಸೈಕಲ್ ಬುಟ್ಟಿ ಸಮೇತ ಬಂದು ನಿಂತಿತು. ಜಗುಲಿಯವರು ಅದೇ ಜಾಗದಲ್ಲಿ ವ್ಯಾಪಾರ ಮುಗಿಸಿದರು. ಮೇಡಂ ಆ ದಿನ ಏರಿಯ ಮೇಲೆ ನಡೆದರು. ನಾನು ಅವರ ಜೋಳಿಗೆ ಹೊತ್ತು ಹಿಂದೆ ನಡೆದೆ. ಪ್ರತಿ ಮೈಲಿಗಲ್ಲಿನ ಮೇಲೂ ಅವರು ಕೂತು ಮಂಡಿ ಹಿಡಿದುಕೊಳ್ಳುವುದನ್ನು ನೋಡುತ್ತ, ನಾನು ಕದ್ದ ಅಷ್ಟೂ ಜನರ ದನಿಗಳಲ್ಲಿ ಆಗ ಮಾತಾಡಲು ಯೋಗ್ಯವಾದದ್ದು ಒಂದೂ ನನಗೆ ಸಿಗಲಿಲ್ಲ.

ಇದಕ್ಕೆ ಸರಿಯಾಗಿ ಕರೆ ಹಾಜರಿ ಬಂತು. ವರ್ಷಕ್ಕೊಮ್ಮೆ ವಿಶ್ವವಿದ್ಯಾಲಯದ ಮೈದಾನದಲ್ಲಿ ಎಲ್ಲ ಸೈಕಲ್‌ಗಳನ್ನೂ ಒಂದು ತುದಿಯಲ್ಲಿ ಸಾಲಾಗಿ ನಿಲ್ಲಿಸುತ್ತಾರೆ. ಇನ್ನೊಂದು ತುದಿಯಲ್ಲಿ ಸುಣ್ಣದ ವೃತ್ತ, ಅದರ ಹಿಂದೆ ಮೇಜು ಹಾಕಿಕೊಂಡು ಕರಿಬಸಪ್ಪನವರು. ಒಬ್ಬೊಬ್ಬರೇ ವೃತ್ತದಲ್ಲಿ ನಿಂತು ಕರೆಯಬೇಕು. ಮೂರು ಕರೆಗೆ ಅವಕಾಶ. ಬಂದರೆ ಹಾಜರು. ಬಾರದಿದ್ದರೆ ಆ ಸೈಕಲ್ಲನ್ನು ಒಂದು ವರ್ಷ ಮೌನದ ಶೆಡ್ಡಿನಲ್ಲಿಟ್ಟು, ಹಳೆಯ ದನಿ ಮರೆಸಿ, ಹೊಸ ವಿದ್ಯಾರ್ಥಿಗೆ ಕೊಡುತ್ತಾರೆ. ಮೇಡಂಗೆ ಹೊಸ ಸೈಕಲ್ ಸಿಗುವ ಹಾಗಿಲ್ಲ, ಪಿಸುಮಾತನ್ನು ಕಲಿಯುವ ಸೈಕಲ್ ಇನ್ನೂ ಹುಟ್ಟಿಲ್ಲ. ಪಾಚಿ ಹೋದರೆ ನೌಕರಿಯೂ ಹೋದಂತೆ.

ಮೇಡಂ ಪರವಾಗಿ ನಾನು ಕರಿಬಸಪ್ಪನವರ ಮುಂದೆ ನಿಂತೆ. ಅವರು ಕೆಟ್ಟವರಲ್ಲ. ಕನ್ನಡಕ ತೆಗೆದು ಒರೆಸಿದರು. "ನನ್ನ ಕಣ್ಣೆದುರೇ ಬೆಳೆದ ಸೈಕಲ್ಲು ಕಣಯ್ಯಾ ಅದು. ಆದ್ರೆ ಈ ನಿಯಮ ನಾನು ಬರ್ದಿದ್ದಲ್ಲ. ಆದ್ದರಿಂದ ನಂಗೆ ಅಳ್ಸೋಕೂ ಆಗಲ್ಲ." ಹದಿನಾಲ್ಕು ವರ್ಷಗಳಲ್ಲಿ ಮೊದಲ ಬಾರಿಗೆ ಅವರ 'ಆದ್ದರಿಂದ'ಕ್ಕೆ ಕಾರಣವಿತ್ತು. ನನಗೆ ಅದು ಇಷ್ಟವಾಗಲಿಲ್ಲ.

ಆಗ ನನ್ನ ತಲೆಗೆ ಉಪಾಯ ಬಂತು. ನನ್ನ ತಲೆಗೆ ಬರುವ ಉಪಾಯಗಳು ಬಾಡಿಗೆದಾರರಿದ್ದ ಹಾಗೆ, ಹೋಗುವಾಗ ಗೋಡೆ ಕೆಡಿಸಿಯೇ ಹೋಗುತ್ತವೆ. ಕರಿಬಸಪ್ಪನವರ ಮೇಜಿಗೆ ನೆಲ ಮುಟ್ಟುವ ಹಸಿರು ಬಟ್ಟೆ ಹೊದಿಸುವವನು ನಾನೇ. ಅದರ ಕೆಳಗೆ ನಾನು. ಮೇಡಂ ವೃತ್ತದಲ್ಲಿ ನಿಂತು ತುಟಿಯಾಡಿಸುವುದು, ನಾನು ಬಟ್ಟೆಯ ಹಿಂದಿನಿಂದ ಕರೆಯುವುದು. ಮೂರು ಕರೆಯಲ್ಲಿ ಒಂದಕ್ಕಾದರೂ ಪಾಚಿ ಬಾರದೇ?

ಮೇಡಂ ಕೇಳಿ ತಲೆ ಅಲ್ಲಾಡಿಸಿದರು. "ಕಳ್ಳತನ."

"ನಿಮ್ಮ ದನಿ, ನಿಮ್ಮ ಸೈಕಲ್ಲು. ಇದ್ರಲ್ಲಿ ಕಳ್ಳತನ ಎಲ್ಲಿಂದ ಬಂತು ಮೇಡಂ?"

"ನಡುವೆ ನೀನಿದೀಯಲ್ಲ."

ಅವರು ಕಿಟಕಿಯಾಚೆ ನಿಂತಿದ್ದ ಪಾಚಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಪಿಸುಗುಟ್ಟಿದರು: "ಚಪ್ಪಲಿ ಒಂದ್ಸಲ ನೆಲಕ್ಕೆ ಕುಟ್ತೀನಿ. ಕೇಳಿದ ತಕ್ಷಣ ಕರಿ. ಮುಂಚೆ ಕರೀಬೇಡ, ಎಲ್ಲದ್ರಲ್ಲೂ ನಿಂಗೆ ಅವಸರ."

ಹಾಜರಿಯ ದಿನ ಜ್ವರವೆಂದು ರಜೆ ಚೀಟಿ ಕಳಿಸಿ, ಮುಂಜಾನೆಯೇ ಹೋಗಿ ಮೇಜಿನ ಕೆಳಗೆ ಸೇರಿಕೊಂಡೆ. ಹತ್ತಕ್ಕೆ ಕರಿಬಸಪ್ಪನವರು ಬಂದು ಕುಳಿತರು, ಶೂ ಬಿಚ್ಚಿದರು. ಒಬ್ಬ ಮನುಷ್ಯ ಹೊರಗೆ ಇಷ್ಟು ಶಿಸ್ತಾಗಿದ್ದು ಕಾಲ್ಚೀಲದಲ್ಲಿ ಎರಡು ಹೆಬ್ಬೆರಳು ಹೊರಗೆ ಬಿಟ್ಟುಕೊಂಡು ಬದುಕಬಹುದೆಂದು ನನಗೆ ತಿಳಿದದ್ದು ಆಗ. ಮೇಲಿನಿಂದ ಅವರ ದನಿ ಒಂದೇ ಸಮನೆ: "ಆದ್ದರಿಂದ ಮುಂದಿನವರು. ಆದ್ದರಿಂದ ಬೇಗ." ಎರಡೂವರೆ ಗಂಟೆ ನಾನು ಆ ಆದ್ದರಿಂದಗಳ ಮಳೆಯಲ್ಲಿ ನೆನೆದೆ. ಕಾಲು ಜೋಮು ಹಿಡಿಯಿತು. ಮೂಗಿನ ಮೇಲೆ ಇರುವೆ ಹತ್ತಿತು. ಮನಸ್ಸಿನಲ್ಲಿ ಮಾತ್ರ ಬಾರೇ ಪಾಚಿ, ಬಾರೇ ಪಾಚಿ ಎಂದು ಜಪ.

"ಆದ್ದರಿಂದ ಸಸ್ಯಶಾಸ್ತ್ರ. ವಾರಿಜಾ ಮೇಡಂ."

ಜನ ಮುಂದಕ್ಕೆ ಒತ್ತಿಕೊಂಡು ನಿಂತರು. ಎಲ್ಲರಿಗೂ ವಿಷಯ ಗೊತ್ತಿತ್ತು. ಬಟ್ಟೆಯ ಸೀಳಿನಲ್ಲಿ ನನಗೆ ಅವರ ಕಾಲು, ಸೀರೆಯ ಅಂಚು, ದೂರದಲ್ಲಿ ಸೈಕಲ್ ಸಾಲಿನ ತುದಿಯಲ್ಲೊಂದು ಹಸಿರು ಚುಕ್ಕೆ ಕಂಡವು. ಚಪ್ಪಲಿ ಕುಟ್ಟಿತು.

"ಬಾರೇ ಪಾಚೀ, ಹೊತ್ತಾಯ್ತು ಕಣೇಏ!"

ಜನರೆಲ್ಲ ಹಾ ಎಂದರು. ಕರಿಬಸಪ್ಪನವರ ಹೆಬ್ಬೆರಳುಗಳು ನೆಟ್ಟಗಾದವು. ಹಸಿರು ಚುಕ್ಕೆ ಒಂದು ಮೊಳ ಮುಂದೆ ಬಂದು, ನಿಂತು, ಹ್ಯಾಂಡಲ್ ತಿರುಗಿಸಿ, ಮತ್ತೆ ಹಿಂದಕ್ಕೆ ಸರಿಯಿತು.

"ಆದ್ದರಿಂದ... ಒಂದು" ಎಂದರು ಕರಿಬಸಪ್ಪನವರು.

ಚಪ್ಪಲಿ ಮತ್ತೆ ಕುಟ್ಟಿತು. ಈ ಸಲ ಮೆಲ್ಲಗೆ. ನಾನು ನನ್ನ ಜೀವವನ್ನೆಲ್ಲ ಗಂಟಲಿಗೆ ತಂದೆ. ಮೇಡಂ ದನಿಯನ್ನು ತಡಕಾಡಿದೆ. ಮೂರು ತಿಂಗಳ ಹಿಂದೆ ಕಳೆದದ್ದು ಎರಡು ನಿಮಿಷದಲ್ಲಿ ಸಿಗುತ್ತದೆಯೇ? ಎರಡೂವರೆ ಗಂಟೆ ಕಿವಿಗೆ ಸುರಿದದ್ದೇ ಬಾಯಿಗೆ ಬಂತು.

"ಆದ್ದರಿಂದ ಬಾ!"

ಕರಿಬಸಪ್ಪನವರ ದನಿ ಕರಿಬಸಪ್ಪನವರ ಕಾಲಬುಡದಿಂದ ಹೊರಟಿತು. ಸಾಲಿನಿಂದ ಕರಿಯ ಭೈರ ಗೂಳಿಯ ಹಾಗೆ ಹೊರಟಿತು. ನನಗೆ ದಿಕ್ಕು ತಪ್ಪಿತು. ಅಯ್ಯೋ ಇದಲ್ಲ ಎಂದು ಬೇರೆ ದನಿ ಹಿಡಿಯಲು ಹೋದೆ, "ಏಯ್, ಬಾ ಇಲ್ಲಿ" ಎಂದು ವಾರ್ಡನ್ನರಾದೆ. ಅದನ್ನು ನುಂಗಿದರೆ "ದಯಮಾಡಿಸಬೇಕು" ಹೊರಬಂತು. ಅದನ್ನು ತಡೆದರೆ ಕುಲಸಚಿವರು ಕೆಮ್ಮಿದರು. ತೂತಾದ ಮೂಟೆಯಿಂದ ಕಾಳು ಸುರಿದ ಹಾಗೆ ನನ್ನ ಹೊಟ್ಟೆಯಲ್ಲಿದ್ದ ಊರಿಗೆ ಊರೇ ಹೊರಗೆ ಸುರಿಯಿತು. ಎದುರು ದಿಕ್ಕಿನಿಂದ ಮೈದಾನ ನಡುಗಿಸಿಕೊಂಡು ನಲವತ್ತೋ ಐವತ್ತೋ ಸೈಕಲ್‌ಗಳು ಗಂಟೆ ಬಾರಿಸುತ್ತ ಬಂದವು. ಜನ ಚೆಲ್ಲಾಪಿಲ್ಲಿಯಾದರು. ಭೈರ ಮೊದಲು ಮೇಜಿಗೆ ಗುದ್ದಿತು. ಮೇಜು ಒಂದು ಕಡೆ, ಹಾಜರಿ ಪುಸ್ತಕ ಒಂದು ಕಡೆ, ಶೂ ಇಲ್ಲದ ಕರಿಬಸಪ್ಪನವರು ಒಂದು ಕಡೆ. ನಡುವೆ ನಾನು, ನಾಲ್ಕು ಕಾಲ ಮೇಲೆ, ತಲೆಯ ಮೇಲೆ ಹಸಿರು ಬಟ್ಟೆ, ಸುತ್ತ ಮೂತಿಯಿಟ್ಟು ನಿಂತ ಸೈಕಲ್‌ಗಳ ಹಿಂಡು.

ಕರಿಬಸಪ್ಪನವರು ಎದ್ದು ನನ್ನನ್ನು ನೋಡಿದರು, ಭೈರನನ್ನು ನೋಡಿದರು. ಹದಿನಾಲ್ಕು ವರ್ಷ ಸಂಜೆ ಸಂಜೆ ಕಳೆದುಹೋಗುತ್ತಿದ್ದ ಸೈಕಲ್ಲಿನ ಲೆಕ್ಕ ಅವರ ಮುಖದ ಮೇಲೆ ನಿಧಾನವಾಗಿ ಕೂಡಿಕೊಳ್ಳತೊಡಗಿತು.

"ಜ್ವರ ಅಂದ್ಯಲ್ಲಯ್ಯಾ?"

"ಇದೆ ಸಾರ್" ಎಂದೆ. ಗಾಬರಿಯಲ್ಲಿ ಅದೂ ಅವರ ದನಿಯಲ್ಲೇ ಬಂತು.

ಮೊದಲು ದಸ್ತಗೀರ್ ಮಾಮು ನಕ್ಕರು. ಅಷ್ಟು ವರ್ಷ ನನ್ನ ಯಾವ ಆಟಕ್ಕೂ ನಗದವರು ಈಗ ಪಂಪು ಹಿಡಿದುಕೊಂಡೇ ಕೆಳಗೆ ಕುಸಿದರು. ಆಮೇಲೆ ಹುಡುಗರು, ವಾರ್ಡನ್ನರು, ಮೇಷ್ಟ್ರುಗಳು. ನಾನು ಮಾತ್ರ ನಗಲಿಲ್ಲ. ಎರಡು ಕರೆ ಹಾಳಾಗಿತ್ತು. ಇಷ್ಟೊಂದು ಸೈಕಲ್ ಬಂದಿದ್ದವು, ಹಸಿರಿನದು ಒಂದೂ ಇರಲಿಲ್ಲ. ಮೊಣಕಾಲ ಮೇಲೆಯೇ ತಿರುಗಿ ಮೇಡಂ ಕಡೆ ನೋಡಿದೆ. "ತಪ್ಪಾಯ್ತು" ಎನ್ನಲು ಬಾಯಿ ತೆರೆದೆ. ನನ್ನದೇ ದನಿ ಯಾವುದೆಂದು ತಟ್ಟನೆ ನೆನಪಾಗಲಿಲ್ಲ, ಬಾಯಿ ತೆರೆದೇ ಉಳಿಯಿತು.

ಮೇಡಂ ನನ್ನನ್ನೇ ನೋಡುತ್ತಿದ್ದರು. ಅವರ ಭುಜ ಅಲುಗಿತು. ಅಳುತ್ತಿದ್ದಾರೆ ಅಂದುಕೊಂಡೆ. ಮೊದಲು ಬಂದದ್ದು ಕುಕ್ಕರಿನಿಂದ ಹಬೆ ಬಿಟ್ಟಂಥ ಸುಯ್ ಎಂಬ ಸದ್ದು. ಆಮೇಲೆ ತರಗೆಲೆಯ ಮೇಲೆ ಯಾರೋ ಓಡಿದಂತೆ. ಆಮೇಲೆ ಎಲ್ಲೋ ಒಳಗೆ ಏನೋ ಕಳಚಿಕೊಂಡಿತು. ಹೊಟ್ಟೆಯ ಆಳದಿಂದ, ಹರಿದ, ಒರಟಾದ, ತಡೆಯಿಲ್ಲದ ನಗು ಒಡೆದು ಬಂತು. ಅವರು ಆಪರೇಷನ್ ಆದ ಮೇಲೆ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಅದಕ್ಕೆ ಮುಂಚೆಯೂ ಗಮನವಿಟ್ಟು ಕೇಳಿರಲಿಲ್ಲ. ಏಕಾರದ ಹಿಂದೆ ಬಿದ್ದಿದ್ದ ನನಗೆ ಅವರು ನಗುವುದೂ ಉಂಟೆಂಬುದು ಹೊಳೆದೇ ಇರಲಿಲ್ಲ.

ಮೈದಾನದ ಆ ತುದಿಯಲ್ಲಿ ಹಸಿರು ಚುಕ್ಕೆ ಅಲುಗಿತು. ಈ ಸಲ ನಿಲ್ಲಲಿಲ್ಲ, ಯೋಚಿಸಲಿಲ್ಲ. ನೇರ ಬಂತು. ನನ್ನ ಸುತ್ತ ನಿಂತಿದ್ದ ಹಿಂಡನ್ನು ಹ್ಯಾಂಡಲಿನಿಂದ ಪಕ್ಕಕ್ಕೆ ಸರಿಸಿ, ನನ್ನ ಕೈಬೆರಳಿನ ಮೇಲೆ ಚಕ್ರ ಹತ್ತಿಸಿ, ಸುಣ್ಣದ ವೃತ್ತದೊಳಗೆ ಹೋಗಿ ಮೇಡಂ ಸೊಂಟಕ್ಕೆ ಒರಗಿ ನಿಂತಿತು. ಅವರು ನಗುತ್ತಲೇ ಅದರ ಸೀಟಿನ ಮೇಲೆ ಬೋರಲು ಬಿದ್ದರು.

ಕುಲಸಚಿವರು ಮುಂದೆ ಬಂದು, "ನಗೋದು ಕರೆ ಆಗುತ್ತೇನ್ರೀ?" ಎಂದು ಕೇಳಿದರು.

ಕರಿಬಸಪ್ಪನವರು ಧೂಳಿನಿಂದ ಹಾಜರಿ ಪುಸ್ತಕವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ನನ್ನ ಬೆನ್ನಿನ ಮೇಲೆ ಬಿದ್ದಿದ್ದ ಪೆನ್ನು ತೆಗೆದುಕೊಂಡರು. "ಬಂದಿದೆ ಸಾರ್" ಎಂದರು. "ಆದ್ದರಿಂದ ಹಾಜರು."

ಮತ್ತೆ ನಗು. ಆರುನೂರು ಜನರ ನಗು ಮೈದಾನದ ಮೇಲೆ ಎದ್ದಿತು, ಕರಿಬಸಪ್ಪನವರದೂ ಅದರಲ್ಲಿತ್ತು. ಅಷ್ಟರ ಮೇಲೂ ಒಂದೇ ಒಂದು ಒರಟು ನಗು ಬೇರೆಯಾಗಿ ಕೇಳುತ್ತಿತ್ತು. ಅಭ್ಯಾಸಬಲ, ನಾಳೆ ಬೆಳಿಗ್ಗೆ ಬೇಕಾಗಬಹುದೆಂದು ನಾನು ಆ ನಗುವನ್ನು ಹಿಡಿಯಲು ಹೋದೆ. ನನ್ನ ಗಂಟಲಿನಿಂದ ಕತ್ತೆಯದೂ ಅಲ್ಲದ ಕೋಳಿಯದೂ ಅಲ್ಲದ ಏನೋ ಒಂದು ಹೊರಟಿತು. ಅದಕ್ಕೆ ಯಾವ ಸೈಕಲ್ಲೂ ಅಲ್ಲಾಡಲಿಲ್ಲ. ಮೇಡಂ ಅದನ್ನು ಕೇಳಿ, ಕಣ್ಣೀರು ಒರೆಸಿಕೊಂಡು, ಪಾಚಿಯ ಹ್ಯಾಂಡಲನ್ನು ಗಟ್ಟಿಯಾಗಿ ಹಿಡಿದುಕೊಂಡು, ಆರುನೂರು ಜನರ ನಗುವೂ ಮುಳುಗುವ ಹಾಗೆ ಇನ್ನಷ್ಟು ಜೋರಾಗಿ ನಕ್ಕರು.